ನೂರ ಎಪ್ಪತ್ತೊಂಬತ್ತು ಹೋಳಿಗೆ

ನಮ್ಮ ಊರಿನಲ್ಲಿ ಮದುವೆ ಗೊತ್ತಾದರೆ ಮೊದಲು ಅಡುಗೆಯವರಿಗೆ, ಆಮೇಲೆ ಪುರೋಹಿತರಿಗೆ, ಅದಾದ ಮೇಲೆ ಭರ್ತಿಯವರಿಗೆ ಹೇಳಿಕಳಿಸುತ್ತಾರೆ. ಭರ್ತಿ ಎಂದರೆ ನಾನು, ಸಾವಂತ್ರಿ. ಊಟದ ಪಂಕ್ತಿಯಲ್ಲಿ ಒಂದು ತಲೆ ಕಡಿಮೆ ಬಿದ್ದಾಗ ಹೋಗಿ ಕೂರುವುದು ನನ್ನ ಕೆಲಸ. ನನ್ನ ತಾಯಿಯೂ ಇದನ್ನೇ ಮಾಡುತ್ತಿದ್ದಳು. ಅವಳು ಎಷ್ಟೋ ಮದುವೆಗಳ ಊಟ ಉಂಡಳು, ಒಂದಕ್ಕೂ ಮದುಮಕ್ಕಳ ಹೆಸರು ಕೇಳಲಿಲ್ಲ. 'ಹೆಸರು ಕೇಳಿದ್ರೆ ಎಣಿಕೆ ತಪ್ಪುತ್ತೆ ಮಗಾ' ಅನ್ನುತ್ತಿದ್ದಳು.

ನಮ್ಮಲ್ಲಿ, ಎಣಿಸಲು ಬರುವ ತಿನಿಸು ಪಂಕ್ತಿಯಲ್ಲಿ ಕೂತ ತಲೆಗಳಿಗೆ ಸಮನಾಗಿ ಬರಬೇಕು. ಒಂದೇ ಒಂದು ಶೇಷ ಉಳಿಯುವಂತಿದ್ದರೂ ಬುಟ್ಟಿ ನೆಲ ಬಿಟ್ಟು ಮೇಲೇಳುವುದಿಲ್ಲ. ಅನ್ನ, ಸಾರು, ಪಾಯಸಕ್ಕೆ ಈ ತಂಟೆಯಿಲ್ಲ. ಅವನ್ನು ಯಾರು ಎಣಿಸುತ್ತಾರೆ? ವಡೆ, ಲಾಡು, ಹೋಳಿಗೆ, ಬಾಳೆಹಣ್ಣು, ಇವು ಮಾತ್ರ ಹಟ ಮಾಡುತ್ತವೆ. ಮುರಿದು ಹಂಚೋಣವೆಂದರೆ ಮುರಿಯುವುದೂ ಇಲ್ಲ. ಹಿಂದೊಮ್ಮೆ ಒಂದು ಮುಂಜಿಯಲ್ಲಿ ಉಳಿದ ಒಂದು ಹಪ್ಪಳವನ್ನು ಸುತ್ತಿಗೆ ತಂದು ಬಡಿದರು. ಸುತ್ತಿಗೆಯ ಹಿಡಿ ಮುರಿಯಿತು, ಹಪ್ಪಳ ಹಾಗೇ ಇತ್ತು. ಬುಟ್ಟಿ ಒಮ್ಮೆ ಪಂಕ್ತಿಗೆ ಬಂದು ಕೂತಿತೆಂದರೆ ಅದಕ್ಕೆ ಒಂದು ಸೇರಿಸುವಂತಿಲ್ಲ, ಒಂದು ತೆಗೆಯುವಂತಿಲ್ಲ. ಅದು ಖಾಲಿಯಾಗುವವರೆಗೆ ಬೇರೆ ಬುಟ್ಟಿ ಅಡುಗೆಮನೆಯ ಹೊಸ್ತಿಲು ದಾಟುವುದೂ ಇಲ್ಲ. ಹಾಗಾಗಿ ಬದಲಾಗಬೇಕಾದವರು ಜನ. ಅಲ್ಲಿಗೆ ನನ್ನ ಹೊಟ್ಟೆಪಾಡು ನಡೆಯಿತು.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ನಮಗೆ ಅರವತ್ತೆಂದರೆ ಪ್ರಾಣ. ಅರವತ್ತು ದೊಡ್ಡ ಮನಸ್ಸಿನ ಸಂಖ್ಯೆ. ಮೂವರು ಬರಲಿ, ನಾಲ್ವರು ಬರಲಿ, ಐವರು, ಆರು, ಹತ್ತು, ಹನ್ನೆರಡು, ಹದಿನೈದು ಜನ ಬರಲಿ, ಮುಖ ಸಿಂಡರಿಸುವುದಿಲ್ಲ. ಬೇಕರಿಯಲ್ಲಿ ಬನ್ನು ಅರವತ್ತರ ತಟ್ಟೆಯಲ್ಲಿ, ಅಂಗಡಿಯಲ್ಲಿ ಚಕ್ಕುಲಿ ಅರವತ್ತರ ಡಬ್ಬಿಯಲ್ಲಿ. ಏಳು ಜನರಿರುವ ಮನೆಗೆ ಮಾತ್ರ ಕಷ್ಟ. ಅಂಥ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಸೊಸೆ ಬಂದು ಎಂಟಾದರೂ ಅರವತ್ತು ಹೋಗುವುದಿಲ್ಲ, ಒಂದು ಮಗುವಾಗಿ ಒಂಬತ್ತಾದರೂ ಹೋಗುವುದಿಲ್ಲ. ಅವಳಿ ಹುಟ್ಟಿ ಹತ್ತಾಗಬೇಕು. ಪಾಪ, ಆ ಮನೆಗಳ ಸೊಸೆಯರು ಅವಳಿಗಾಗಿ ಹೊರುವ ಹರಕೆ ಒಂದೆರಡಲ್ಲ.

ಭರ್ತಿಯವರಿಗೆ ಕೂರುವುದೊಂದೇ ಬಂದರೆ ಸಾಲದು, ಬುಟ್ಟಿ ನೋಡಿದ ಕೂಡಲೇ ಅದು ಎಷ್ಟು ಜನರಿಗೆ ಹೋಗುತ್ತದೆಂದು ಹೇಳಲು ಬರಬೇಕು. ಅಂಕಿಗಳನ್ನು ಕೂಡಿಸಿ ಮೂರಕ್ಕೆ, ಒಂಬತ್ತಕ್ಕೆ ನೋಡುವುದು ನಮ್ಮೂರಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಏಳಕ್ಕೆ ನೋಡುವುದು ಕಷ್ಟ. ಕೊನೆಯ ಅಂಕಿಯನ್ನು ಎರಡರಷ್ಟು ಮಾಡಿ ಉಳಿದುದರಿಂದ ಕಳೆಯಬೇಕು, ಬಂದದ್ದು ಏಳಕ್ಕೆ ಹೋದರೆ ಇಡೀ ಸಂಖ್ಯೆಯೂ ಹೋಗುತ್ತದೆ. ಇದನ್ನು ನನ್ನ ತಾಯಿ ನನಗೆ ಕಿವಿಯಲ್ಲಿ ಹೇಳಿಕೊಟ್ಟದ್ದು. ಇನ್ನು ಕೆಲವು ಸಂಖ್ಯೆಗಳಿವೆ. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಶಾಲೆಯಲ್ಲಿ ಅವನ್ನು ಅವಿಭಾಜ್ಯ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಸಲಗ ಎನ್ನುತ್ತೇವೆ. ಹಿಂಡಿಗೆ ಸೇರದೆ ಒಂಟಿಯಾಗಿ ತಿರುಗುವ ಆನೆಯ ಹಾಗೆ ಅವು; ಎದುರಿಗೆ ಬಂದರೆ ಪಂಕ್ತಿಗೆ ಪಂಕ್ತಿಯೇ ದಿಕ್ಕಾಪಾಲು.

ಹಂಚಿನ ಕಾರ್ಖಾನೆಯ ತಿಪ್ಪೇರುದ್ರಪ್ಪನವರು ತಮ್ಮ ಒಬ್ಬಳೇ ಮಗಳು ಮಂದಾಕಿನಿಯ ನಿಶ್ಚಿತಾರ್ಥಕ್ಕೆ ನನ್ನನ್ನು ಕರೆಯಲಿಲ್ಲ. ಅಡುಗೆಯ ಬೋರಲಿಂಗಯ್ಯ ಭರ್ತಿಯ ಮಾತೆತ್ತಿದಾಗ, "ಮೊದಲ ಪಂಕ್ತಿಗೆ ಅರವತ್ತು ಎಲೆ, ನೂರ ಎಂಬತ್ತು ಹೋಳಿಗೆ, ತಲೆಗೆ ಮೂರು. ಇದರಲ್ಲಿ ಭರ್ತಿ ಯಾಕಯ್ಯ? ಬೀಗರು ಪರ ಊರಿನವರು, ಇದ್ಯಾರು ಅಂತ ಕೇಳಿದ್ರೆ ಏನ್ ಹೇಳ್ಲಿ?" ಅಂದರಂತೆ. ನನಗೆ ಬೇಸರವೇನೂ ಆಗಲಿಲ್ಲ. ಹಂಚು ಮಾರಿ ದೊಡ್ಡವರಾದವರಿಗೆ ಹಂಚುವುದು ಬರುವುದಿಲ್ಲ ಎಂದು ಬೀದಿಯವರು ಆಡಿಕೊಂಡಾಗ ನಾನು ನಗಲೂ ಇಲ್ಲ. ಸುಳ್ಳೇಕೆ, ಸ್ವಲ್ಪ ನಕ್ಕೆ.

ಆ ದಿನ ಮಧ್ಯಾಹ್ನ ನಾನು ಮನೆಯಲ್ಲಿ ಮೊಸರನ್ನ ಕಲಸಿಕೊಂಡು ಕೂತಿದ್ದೆ. ಬಾಗಿಲು ದಬದಬ ಸದ್ದಾಯಿತು. ತೆರೆದರೆ ಸಾಕ್ಷಾತ್ ತಿಪ್ಪೇರುದ್ರಪ್ಪನವರು. ರೇಷ್ಮೆ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಒಂದು ಕಾಲಲ್ಲಿ ಅವರದೇ ಚಪ್ಪಲಿ, ಇನ್ನೊಂದು ಕಾಲಲ್ಲಿ ಯಾವನೋ ಬೀಗರ ಬೂಟು.

"ಬಾರಮ್ಮ ತಾಯಿ," ಅಂದರು. "ಬುಟ್ಟಿ ಏಳ್ತಾ ಇಲ್ಲ."

"ಅರವತ್ತು ಜನ, ನೂರ ಎಂಬತ್ತು ಹೋಳಿಗೆ ಅಂದ್ರಲ್ಲ ಯಜಮಾನ್ರೇ?"

"ಅಂದಿದ್ದೆ. ಈಗ ಅನ್ನಲ್ಲ. ಬಾ."

ನಾನು ಕೈತೊಳೆದುಕೊಂಡು ಓಡಿದೆ. ದಾರಿಯಲ್ಲಿ ಅವರು ಏದುಸಿರು ಬಿಡುತ್ತಾ ವಿಷಯ ಹೇಳಿದರು. ತಾಂಬೂಲ ಬದಲಾಯಿಸುವುದು ಊಟವಾದ ಮೇಲೆ ಎಂದು ಮಾತಾಗಿತ್ತು. ಬೀಗರು ಕೂತು ಮುಕ್ಕಾಲು ಗಂಟೆಯಾಗಿದೆ. ಹೋಳಿಗೆ ಬಡಿಸುವವರೆಗೆ ಮೊದಲ ತುತ್ತು ಎತ್ತುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಹುಡುಗನ ತಂದೆ, ಬೇಕೆಂದೇ ಅವಮಾನ ಮಾಡುತ್ತಿದ್ದೀರಿ ಎಂದು ಕಣ್ಣು ಕೆಂಪಗೆ ಮಾಡಿಕೊಂಡಿದ್ದಾರೆ. ಉಣ್ಣದೆ ಎದ್ದು ಹೋದರೆ ಸಂಬಂಧ ಅಲ್ಲಿಗೆ ಮುಗಿಯಿತು.

"ಮಗು ಆ ಹುಡುಗನನ್ನ ತುಂಬಾ ಹಚ್ಕೊಂಡಿದಾಳಮ್ಮ," ಅಂದರು, ಬೂಟು ಎಳೆಯುತ್ತಾ. ಅದು ಊರಿಗೆಲ್ಲ ಗೊತ್ತಿತ್ತು. ಮಂದಾಕಿನಿ ಕಾರ್ಖಾನೆಯಲ್ಲಿ ಮಣ್ಣಿನ ಹದ ನೋಡುವವಳು. ಹುಡುಗ ಮನೆ ಕಟ್ಟಿಸುವ ಕೆಲಸದವನು. ಒಂದು ಮನೆಗೆ ಹಂಚು ಒಯ್ಯಲು ಬಂದವನು ಹಂಚು ಸಾಲಲಿಲ್ಲವೆಂದು ನಾಲ್ಕು ಸಲ ಬಂದಿದ್ದ. ಆ ಮನೆ ಅಷ್ಟೇನೂ ದೊಡ್ಡದಲ್ಲವಂತೆ.

ಚಪ್ಪರದಲ್ಲಿ ಅರವತ್ತು ಜನ ಅರವತ್ತು ಎಲೆಗಳ ಮುಂದೆ ಕೂತಿದ್ದರು. ಕೋಸಂಬರಿ ನೀರು ಬಿಟ್ಟಿತ್ತು. ಅನ್ನ ಆರಿ ತಣ್ಣಗಾಗಿತ್ತು. ಪಂಕ್ತಿಯ ತಲೆಯಲ್ಲಿ ಹೋಳಿಗೆಯ ಬುಟ್ಟಿ. ಅದರ ಒಂದು ಕಿವಿಯನ್ನು ಬೋರಲಿಂಗಯ್ಯ, ಇನ್ನೊಂದನ್ನು ಅವನ ಮೂವರು ಸಹಾಯಕರು ಹಿಡಿದು ಎಳೆಯುತ್ತಿದ್ದರು. ಹುಡುಗನ ತಂದೆ ಅದನ್ನು ನೋಡಿ, "ಕೆಳಗಡೆ ಮೊಳೆ ಹೊಡೆದಿದೀರೇನ್ರೀ?" ಎಂದು ಕೇಳಿದರು.

ನಾನು ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೋಳಿಗೆಯ ಅಂಚುಗಳ ಮೇಲೆ ಬೆರಳಾಡಿಸಿದೆ. ಹತ್ತತ್ತರ ಅಟ್ಟಿಗಳು. ಹದಿನೇಳು ಅಟ್ಟಿ ಸರಿಯಾಗಿದ್ದವು. ಹದಿನೆಂಟನೆಯದು ಒಂದು ಹೋಳಿಗೆಯಷ್ಟು ಗಿಡ್ಡ.

"ನೂರ ಎಪ್ಪತ್ತೊಂಬತ್ತು," ಅಂದೆ.

"ನೂರ ಎಂಬತ್ತು ತಟ್ಟಿದ್ದು ಕಣಮ್ಮ! ನನ್ನ ಲಟ್ಟಣಿಗೆ ಆಣೆಗೂ!" ಬೋರಲಿಂಗಯ್ಯನ ಕಣ್ಣಲ್ಲಿ ನೀರೇ ಬಂತು. ಅಡುಗೆಮನೆಯಿಂದ ಬುಟ್ಟಿ ಹೊರಗೆ ಬರುವ ಮೊದಲು ಯಾರೋ ಒಂದು ಎತ್ತಿದ್ದರು. ಒಬ್ಬನೇ ನಿಂತಿದ್ದರೆ ಎತ್ತಲು ಅಡ್ಡಿಯಿಲ್ಲ. ಒಂದರಿಂದ ಭಾಗವಾಗದ ಸಂಖ್ಯೆ ಇದೆಯೇ?

ಅಷ್ಟರಲ್ಲಿ ನನ್ನ ಹಿಂದೆ ಒಂದು ದನಿ ಕೇಳಿಸಿತು. "ನೂರ ಎಪ್ಪತ್ತೊಂಬತ್ತೇ? ಬಹಳ ಚೆನ್ನಾಗಿದೆ." ತಿರುಗಿದೆ. ಬಿಳಿ ಜುಬ್ಬದ, ಹೆಗಲಿಗೆ ಶಲ್ಯ ಇಳಿಬಿಟ್ಟ, ತೆಳ್ಳನೆಯ, ಅರವತ್ತು ದಾಟಿದ ಮನುಷ್ಯ. ಎಡಗೈಯನ್ನು ಎದೆಯ ಮೇಲಿನ ಜೇಬಿಗೆ ಒತ್ತಿಕೊಂಡು ನಿಂತಿದ್ದರು. ಹುಡುಗನ ಸೋದರಮಾವ, ಮೃತ್ಯುಂಜಯಪ್ಪ ಮೇಷ್ಟ್ರು. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ತಮಗೆ ಇವತ್ತು ಒಪ್ಪತ್ತೆಂದು ಹೇಳಿ ಪಂಕ್ತಿಯಲ್ಲಿ ಕೂತಿರಲಿಲ್ಲ, ಅವರ ಎಲೆಗೆ ಬೇರೊಬ್ಬರನ್ನು ಕೂರಿಸಿದ್ದರು.

"ಇದು ಸಲಗ ಇರಬಹುದು ಮೇಷ್ಟ್ರೇ," ಅಂದೆ.

"ಸಲಗ? ಓಹೋ, ಅವಿಭಾಜ್ಯ! ನೋಡೇಬಿಡೋಣ. ಎರಡು, ಐದು ಇಲ್ಲ, ಅದು ಕಾಣುತ್ತೆ. ಮೂರು?"

"ಒಂದು, ಏಳು, ಒಂಬತ್ತು, ಹದಿನೇಳು. ಹೋಗಲ್ಲ."

"ಏಳು?"

"ಒಂಬತ್ತರ ಎರಡರಷ್ಟು ಹದಿನೆಂಟು. ಹದಿನೇಳರಲ್ಲಿ ಕಳೆದ್ರೆ ಒಂದು ಕಮ್ಮಿ ಬೀಳುತ್ತೆ. ಹೋಗಲ್ಲ."

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಮ್ಮ ನಿನಗೆ ಇದನ್ನ ಹೇಳ್ಕೊಟ್ಟಿದ್ದು?"

"ನಮ್ಮಮ್ಮ. ಹನ್ನೊಂದಕ್ಕೆ ನೀವು ನೋಡಿ."

"ಒಂದರಲ್ಲಿ ಏಳು ಕಳೆದು ಒಂಬತ್ತು ಕೂಡಿಸು, ಮೂರು. ಇಲ್ಲ. ಹದಿಮೂರು ಹದಿಮೂರಲ ನೂರ ಅರವತ್ತೊಂಬತ್ತು, ಹತ್ತು ಶೇಷ. ಹದಿನೇಳು ಹದಿನೇಳಲ ಇನ್ನೂರ ಎಂಬತ್ತೊಂಬತ್ತು, ದಾಟಿಹೋಯ್ತು, ಅಲ್ಲಿಗೆ ಹೋಗೋದೇ ಬೇಡ." ಅವರ ಮುಖ ಹಬ್ಬದ ದೀಪದ ಹಾಗೆ ಬೆಳಗಿತು. "ಅವಿಭಾಜ್ಯವೇ! ಅಪ್ಪಟ!"

"ಸಂತೋಷ ಪಡೋ ವಿಷಯವಾ ಇದು?" ಎಂದು ತಿಪ್ಪೇರುದ್ರಪ್ಪನವರು ಹಣೆ ಚಚ್ಚಿಕೊಂಡರು. ನಾನು ಅವರಿಗೆ ಬಿಡಿಸಿ ಹೇಳಿದೆ. ಈ ಬುಟ್ಟಿ ಏಳಬೇಕೆಂದರೆ ಎರಡೇ ದಾರಿ: ಪಂಕ್ತಿಯಲ್ಲಿ ಒಬ್ಬರೇ ಇರಬೇಕು, ಇಲ್ಲವೇ ನೂರ ಎಪ್ಪತ್ತೊಂಬತ್ತು ಜನ ಇರಬೇಕು.

"ಹಾಗಾದ್ರೆ ಒಬ್ಬರನ್ನ ಬಿಟ್ಟು ಮಿಕ್ಕವರನ್ನ ಎಬ್ಬಿಸಿದ್ರೆ..." ಎಂದು ಅವರು ಶುರು ಮಾಡಿದರು, ಅಷ್ಟೇ. ಕೂತವರನ್ನು ಎಬ್ಬಿಸುವುದು ನಮ್ಮೂರಿನಲ್ಲಿ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಬೀಗರ ಊರಿನಲ್ಲೂ ಅಷ್ಟೇ ಇರಬೇಕು. ಹುಡುಗನ ತಂದೆ ಗುಡುಗಿದರು. "ಎಬ್ಬಿಸ್ತೀರಾ? ನಮ್ಮನ್ನ ಎಬ್ಬಿಸ್ತೀರಾ? ಇನ್ನು ಅರ್ಧ ಗಂಟೆ ನೋಡ್ತೀನಿ. ಆಮೇಲೆ ನಾವೇ ಏಳ್ತೀವಿ, ನೀವು ಎಬ್ಬಿಸೋದು ಬೇಡ."

ಮಂದಾಕಿನಿ ಹುಡುಗನ ಪಕ್ಕದ ಎಲೆಯಲ್ಲಿ ಕೂತಿದ್ದಳು. ತಲೆ ತಗ್ಗಿಸಿಕೊಂಡಿದ್ದವಳು ಎತ್ತಿದಳು. "ಅಪ್ಪ, ಎಬ್ಬಿಸೋ ಮಾತು ಬಿಡಿ. ಕೂರಿಸೋದನ್ನ ನೋಡಿ. ಸಾವಂತ್ರಕ್ಕ, ಎಷ್ಟು ಜನ ಬೇಕು ಹೇಳಿ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅರವತ್ತು ಜನ ಕೂತಿದ್ದರು. ಎರಡನೆಯ ಪಂಕ್ತಿಗೆಂದು ಕಾಯುತ್ತಿದ್ದ ನೆಂಟರು ಅರವತ್ತೊಂಬತ್ತು ಜನ, ಅವರನ್ನು ಕೂರಿಸಿದೆ. ತಿಪ್ಪೇರುದ್ರಪ್ಪನವರನ್ನೂ ಅವರ ಹೆಂಡತಿಯನ್ನೂ ಕೂರಿಸಿದೆ. ನೂರ ಮೂವತ್ತೊಂದು. ಅಡುಗೆಯ ಸಹಾಯಕರು ಎಂಟು ಜನ, ನೂರ ಮೂವತ್ತೊಂಬತ್ತು. ಬೋರಲಿಂಗಯ್ಯ ಬಡಿಸುವವನು, ಬಡಿಸುವವನು ಲೆಕ್ಕಕ್ಕಿಲ್ಲ. ನನ್ನನ್ನು ಸೇರಿಸಿ ನೂರ ನಲವತ್ತು. ಇನ್ನು ಮೂವತ್ತೊಂಬತ್ತು ಜನ ಬೇಕು. ಪಂಕ್ತಿ ಎಂದರೆ ಎಲೆಗೆ ಎಲೆ ತಾಗಿರಬೇಕು, ನಡುವೆ ಕಡಿಯುವಂತಿಲ್ಲ. ಅದು ಚಪ್ಪರದಿಂದ ಹೊರಬಿದ್ದು, ಗೇಟು ದಾಟಿ, ಬೀದಿಗೆ ಇಳಿಯಿತು.

ಬೀದಿಯ ತಿರುವಿನಲ್ಲಿ ಬಸ್ಸು ನಿಂತಿತ್ತು. ನಾನು ಹತ್ತಿ, "ಹೋಳಿಗೆ ಊಟ ಇದೆ, ಎಲ್ಲರೂ ಇಳೀರಿ," ಅಂದೆ. ಕಂಡಕ್ಟರು, "ಟೈಮಾಯ್ತು ಕಣಮ್ಮ," ಅಂದ. "ಹೋಳಿಗೆಗೆ ಬೆಲ್ಲ ಹಾಕಿದಾರೋ ಸಕ್ಕರೆ ಹಾಕಿದಾರೋ?" ಎಂದು ಡ್ರೈವರು ಕೇಳಿದ. ಬೆಲ್ಲ ಅಂದೆ. ಅವನು ಬಸ್ಸಿನ ಎಂಜಿನ್ ಆರಿಸಿದ. ಅವರಿಬ್ಬರನ್ನು ಸೇರಿಸಿ ಮೂವತ್ತೊಂದು ಜನ. ತಾಯಂದಿರ ಮಡಿಲಲ್ಲಿ ಮೂರು ಕೂಸುಗಳಿದ್ದವು. ಹಲ್ಲು ಬಂದ ಮಗು ತಲೆಯ ಲೆಕ್ಕಕ್ಕೆ ಸೇರುತ್ತದೆ, ಬರದಿದ್ದರೆ ಇಲ್ಲ. ಒಬ್ಬೊಬ್ಬ ತಾಯಿಯನ್ನೂ ಕೇಳಿದೆ. ಮೂವರೂ ಇನ್ನೂ ಬಂದಿಲ್ಲ ಅಂದರು.

ನೂರ ಎಪ್ಪತ್ತೊಂದು. ಕ್ಷೌರದಂಗಡಿಯಿಂದ ಕ್ಷೌರಿಕನನ್ನೂ ಅವನ ಮುಂದೆ ಕೂತಿದ್ದ ಗಿರಾಕಿಯನ್ನೂ ಎಳೆದು ತಂದೆ. ಗಿರಾಕಿಯ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರಲ್ಲಿ ಸೋಪಿನ ನೊರೆಯಿತ್ತು. ಟಪಾಲಿನವನು ಬಂದ. ಕೊಡೆ ರಿಪೇರಿ ಮಾಡುವವನು ಬಂದ. ನೂರ ಎಪ್ಪತ್ತೈದು. ಬಾಳೆ ಎಲೆ ಮುಗಿದು ಮುತ್ತುಗದ ಎಲೆ ಹಾಕಿದೆವು, ಅದೂ ಮುಗಿದು ಹಳೆಯ ಪೇಪರು ಹಾಸಿದೆವು. ಅಲ್ಲಿಗೆ ಪಂಕ್ತಿ ಬಂದು ಪಕ್ಕದ ಮನೆಯ ಲೋಕಪ್ಪನವರ ಗೇಟಿನ ಮುಂದೆ ನಿಂತಿತು. ಮುಂದೆ ಚರಂಡಿ. ಕೂರಿಸಲು ಜಾಗವಿರುವುದು ಅವರ ಅಂಗಳದಲ್ಲಿ ಮಾತ್ರ, ಬೀದಿಯಲ್ಲಿ ಉಳಿದಿದ್ದ ಜನರೂ ಅವರ ಮನೆಯವರೇ.

ತಿಪ್ಪೇರುದ್ರಪ್ಪನವರಿಗೂ ಲೋಕಪ್ಪನವರಿಗೂ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಎರಡು ಮನೆಗಳ ನಡುವಿನ ನುಗ್ಗೆ ಮರದಲ್ಲಿ ಒಂದು ವರ್ಷ ಇಪ್ಪತ್ತೇಳು ಕಾಯಿ ಬಿಟ್ಟವು. ಎರಡು ಮನೆಗೆ ಇಪ್ಪತ್ತೇಳು ಹೋಗುವುದಿಲ್ಲ. ಒಂದು ಕಾಯೂ ಮರದಿಂದ ಕಳಚಲಿಲ್ಲ. ಇಪ್ಪತ್ತೆಂಟನೆಯ ಹೂವನ್ನು ನೀನು ಬೇಕೆಂದೇ ಉದುರಿಸಿದೆ ಎಂದು ಇವರು, ನೀನು ಎಂದು ಅವರು. ಅಲ್ಲಿಗೆ ಗೋಡೆ ಎದ್ದಿತು.

"ನೀವೇ ಕರೀಬೇಕು ಯಜಮಾನ್ರೇ," ಅಂದೆ. "ನಾನು ಕರೆದ್ರೆ ಬರಲ್ಲ."

ತಿಪ್ಪೇರುದ್ರಪ್ಪನವರು ಎದ್ದು ಬಂದು ಗೇಟಿನ ಹತ್ತಿರ ನಿಂತರು. ಗಂಟಲು ಸರಿಮಾಡಿಕೊಂಡರು. ಒಳಗಿನಿಂದ ಲೋಕಪ್ಪನವರು ಬನಿಯನ್ನಿನಲ್ಲೇ ಬಂದರು. ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ನೋಡಿದರು. ಕೊನೆಗೆ ಲೋಕಪ್ಪನವರೇ, "ಇದೇನಯ್ಯ, ಬೂಟು ಒಂದು ಚಪ್ಪಲಿ ಒಂದು?" ಅಂದರು.

"ಮಗಳ ಮದುವೆ ನಿಂತುಹೋಗೋ ಹಾಗಿದೆ ಲೋಕಪ್ಪ."

"ಮಂದಾಕಿನೀದಾ?" ಲೋಕಪ್ಪನವರ ದನಿ ಬದಲಾಯಿತು. "ಅದನ್ನ ಮೊದಲು ಹೇಳಬಾರದಾ? ಏಯ್, ಬಾರೇ! ಅತ್ತೇನೂ ಕರ್ಕೊಂಡು ಬಾ!" ಅಂಗಿ ಹಾಕಿಕೊಳ್ಳಲೂ ಹೋಗದೆ ಗೇಟು ತೆರೆದು ಪೇಪರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಅವರು, ಅವರ ಹೆಂಡತಿ, ಅತ್ತೆ. ತಿಪ್ಪೇರುದ್ರಪ್ಪನವರು ಓಡಿಹೋಗಿ ತಮ್ಮ ಎಲೆಯ ಮುಂದೆ ಕೂತರು. ನೂರ ಎಪ್ಪತ್ತೆಂಟು.

ಒಂದು ಕಡಿಮೆ. ಬೀದಿಯ ಎರಡೂ ತುದಿ ನೋಡಿದೆ. ಒಂದು ನರಪಿಳ್ಳೆಯಿಲ್ಲ, ಬಸ್ಸಿನ ನೆರಳಲ್ಲಿ ಒಂದು ಹಸು ಮಲಗಿತ್ತು. ಆಗ ನೋಡಿದೆ: ಚಪ್ಪರದ ಕಂಬಕ್ಕೆ ಒರಗಿ, ಜೇಬಿನ ಮೇಲೆ ಕೈಯಿಟ್ಟುಕೊಂಡು, ಮೃತ್ಯುಂಜಯಪ್ಪ ಮೇಷ್ಟ್ರು.

"ಮೇಷ್ಟ್ರೇ, ನೀವೊಬ್ಬರು ಕೂತ್ರೆ ಮುಗೀತು."

"ನನಗೆ ಒಪ್ಪತ್ತಮ್ಮ."

ಪಂಕ್ತಿಯಿಂದ ಅವರ ಅಕ್ಕ, ಹುಡುಗನ ತಾಯಿ ಚೆನ್ನಾಜಮ್ಮ ಕೂಗಿದರು. "ಅವನಿಗೆ ಒಪ್ಪತ್ತೂ ಇಲ್ಲ ಏನೂ ಇಲ್ಲ. ಸಕ್ಕರೆ ಕಾಯಿಲೆ. ಪಂಕ್ತೀಲಿ ಕೂತ್ರೆ ಹೋಳಿಗೆ ಕಿತ್ಕೋತೀನಿ ಅಂತ ಹೀಗಾಡ್ತಾನೆ. ಬಾರೋ!"

ನಾನು ಹತ್ತಿರ ಹೋದೆ. ಅವರ ಬೆರಳುಗಳ ಸಂದಿಯಿಂದ ಬಿಳಿ ಜುಬ್ಬದ ಮೇಲೆ ತುಪ್ಪದ ಕಲೆ ಅಂಗೈಯಗಲ ಹರಡಿತ್ತು. ಅವರು ನನ್ನ ಕಣ್ಣನ್ನು ನೋಡಿದರು; ನಾನು ಕಲೆಯನ್ನು ನೋಡಿದ್ದೆನೆಂದು ಅವರಿಗೆ ತಿಳಿಯಿತು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮನುಷ್ಯ ಬೆಂಚಿನ ಮೇಲೆ ನಿಂತವನ ಹಾಗೆ ಬೆವತರು. ನಾನು ಬಾಯಿಬಿಟ್ಟು ಹೇಳಿದ್ದರೆ ಬೋರಲಿಂಗಯ್ಯನ ಮಾನ ಉಳಿಯುತ್ತಿತ್ತು, ಬೀಗರ ಬಾಯಿ ಮುಚ್ಚುತ್ತಿತ್ತು. ಆದರೆ ತುಂಬಿದ ಪಂಕ್ತಿಯಲ್ಲಿ ಒಬ್ಬನ ತಲೆ ತಗ್ಗಿಸುವುದು ನನ್ನ ಕಸುಬಲ್ಲ.

"ಶಲ್ಯ ಹೊದ್ಕೊಳ್ಳಿ ಮೇಷ್ಟ್ರೇ," ಅಂದೆ ಮೆಲ್ಲಗೆ. "ಪಂಕ್ತೀಲಿ ಶಲ್ಯ ಇದ್ರೆ ಲಕ್ಷಣ."

ಅವರು ಹೊದ್ದುಕೊಂಡು ಪೇಪರಿನ ಮುಂದೆ ಕೂತರು, ಅವರ ಪಕ್ಕ ಪಂಕ್ತಿಯ ಕೊನೆಯಲ್ಲಿ ನಾನು ಕೂತೆ. ನೂರ ಎಪ್ಪತ್ತೊಂಬತ್ತು. ಬೋರಲಿಂಗಯ್ಯ ಮನೆದೇವರನ್ನು ನೆನೆದು ಬುಟ್ಟಿಗೆ ಕೈ ಹಾಕಿದ.

ಬುಟ್ಟಿ ಏಳಲಿಲ್ಲ.

ಪಂಕ್ತಿಯುದ್ದಕ್ಕೂ ಒಂದು ನಿಟ್ಟುಸಿರು ಹೊರಟು, ಚಪ್ಪರದಿಂದ ಗೇಟಿಗೆ, ಗೇಟಿನಿಂದ ಬೀದಿಗೆ, ಬೀದಿಯಿಂದ ಲೋಕಪ್ಪನವರ ಅಂಗಳಕ್ಕೆ ಬಂತು. ನಾನು ಎದ್ದು ಆ ತುದಿಯಿಂದ ಈ ತುದಿಗೆ ಎಣಿಸಿದೆ. ನನ್ನನ್ನು ಸೇರಿಸಿ ನೂರ ಎಪ್ಪತ್ತೊಂಬತ್ತೇ. ಇನ್ನೊಮ್ಮೆ ಎಣಿಸುತ್ತಾ ಬಸ್ಸಿನವರ ಹತ್ತಿರ ಬಂದಾಗ ಒಂದು ಕೂಸು ಕೈಬೀಸಿ ನನ್ನ ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು. ಚುಳ್ಳೆಂದಿತು.

"ಹಲ್ಲು!" ಎಂದು ಕಿರುಚಿದೆ.

ತಾಯಿ ಕೆಳತುಟಿ ಎಳೆದು ನೋಡಿದಳು. ಅಕ್ಕಿಕಾಳಿನ ತುದಿಯಷ್ಟು ಬೆಳ್ಳಗೆ. "ಅಯ್ಯೋ ನನ್ನ ಬಂಗಾರ! ಬೆಳಿಗ್ಗೆ ಇರಲಿಲ್ಲ ಕಣಕ್ಕ!" ಎಂದು ಅವಳು ಅಳುತ್ತಾ ನಗುತ್ತಾ ಮಗುವನ್ನು ಮುದ್ದಾಡಿದಳು. ಅಕ್ಕಪಕ್ಕದವರೆಲ್ಲ ಬಗ್ಗಿ ಬಗ್ಗಿ ಹಲ್ಲು ನೋಡಿದರು. ಡ್ರೈವರು ಚಪ್ಪಾಳೆ ತಟ್ಟಿದ. ಸಂಭ್ರಮ ಮುಗಿದ ಮೇಲೆ ಎಲ್ಲರಿಗೂ ಲೆಕ್ಕ ತಲೆಗೆ ಹೋಯಿತು. ನಾವು ನೂರ ಎಂಬತ್ತು. ಒಬ್ಬರು ಏಳಬೇಕು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಲೋಕಪ್ಪನವರು ನುಗ್ಗೆ ಮರ ನೋಡಿದರು. ಕ್ಷೌರದ ಗಿರಾಕಿ ಒಣಗಿದ ನೊರೆ ಕೆರೆದುಕೊಂಡ. ಹುಡುಗನ ತಂದೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಭರ್ತಿಗೆ ಬಂದವರನ್ನು ಎಬ್ಬಿಸುವುದು ನಮ್ಮೂರಿನಲ್ಲೂ ಇಲ್ಲ. ನನ್ನ ತಾಯಿ ಹಿಡಿದ ಎಲೆಯನ್ನು ಯಾವತ್ತೂ ಬಿಟ್ಟವಳಲ್ಲ. ನಾನು ನಿಂತೇ ಇದ್ದೆನಲ್ಲ, ವಾಪಸು ಹೋಗಿ ಕೂರಲಿಲ್ಲ, ಅಷ್ಟೇ. ನನ್ನ ಪೇಪರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, "ಎತ್ತು ಬೋರಲಿಂಗಯ್ಯ," ಅಂದೆ.

ಅವನು ಒಂದೇ ಕೈಯಲ್ಲಿ ಎತ್ತಿದ. ಹೂವಿನ ಬುಟ್ಟಿಯ ಹಾಗೆ ಎದ್ದಿತು.

ನೂರ ಎಪ್ಪತ್ತೊಂಬತ್ತು ಜನ ತಲೆಗೊಂದು ಹೋಳಿಗೆ ಹಾಕಿಸಿಕೊಂಡು ಉಂಡರು. ಕೂಸಿನ ಹೋಳಿಗೆಯನ್ನು ಅದು ಎರಡು ಕೈಯಲ್ಲಿ ಹಿಡಿದು ಮುಖಕ್ಕೆಲ್ಲ ಬಳಿದುಕೊಂಡಿತು. ಚೆನ್ನಾಜಮ್ಮ ಚಪ್ಪರದಿಂದಲೇ ತಮ್ಮನಿಗೆ, "ಇವತ್ತೊಂದಿನ ತಿಂದು ಸಾಯಿ," ಎಂದು ಕೂಗಿದರು. ಹುಡುಗನ ತಂದೆ ಮೊದಲ ತುತ್ತಿಗೆ ಕೋಪ ಇಳಿಸಿದರು, ಎರಡನೆಯದಕ್ಕೆ ಬಡಿಸುವವನ ಹೆಸರು ಕೇಳಿದರು. ಊಟವಾಗಿ ತಾಂಬೂಲ ಬದಲಾಯಿತು. ಬಸ್ಸಿನವರು ಹುಡುಗ ಹುಡುಗಿಗೆ ಅಕ್ಷತೆ ಹಾಕಿ ಹೋದರು. ಬೂಟಿನ ಯಜಮಾನನೂ ಸಿಕ್ಕಿದ. ಎರಡನೆಯ ಪಂಕ್ತಿಗೆ ಕಾಯುತ್ತಿದ್ದ ಅವನು ಅಷ್ಟು ಹೊತ್ತೂ ಒಂಟಿಕಾಲಿನಲ್ಲಿ ಬೂಟು ಹುಡುಕುತ್ತಿದ್ದನಂತೆ, ಕೂತಾಗ ಮಾತ್ರ ನೆಮ್ಮದಿಯಾಗಿದ್ದ.

ನಾನು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆದುಕೊಳ್ಳುತ್ತಿದ್ದೆ. ಮೇಷ್ಟ್ರು ಬಂದರು. ಸುತ್ತ ನೋಡಿ, ಶಲ್ಯ ಸರಿಸಿ, ಜೇಬಿನಿಂದ ಅದನ್ನು ತೆಗೆದರು. ನಾಲ್ಕು ಮಡಿಕೆಯಾಗಿತ್ತು, ಒಂದು ಮೂಲೆಗೆ ಜೇಬಿನ ದಾರ ಅಂಟಿತ್ತು.

"ತಿನ್ನೋಕೆ ಆಗ್ಲಿಲ್ಲಮ್ಮ," ಅಂದರು. "ಎತ್ತಿದ ಕೂಡ್ಲೆ ಅಡುಗೆಯವನು ಬಂದ. ಆಮೇಲೆ ನೀನು ಎಣಿಸೋಕೆ ಶುರು ಮಾಡಿದೆ, ಹೇಳೋಕೆ ಬಾಯಿ ಬರಲಿಲ್ಲ. ನೋಡು, ನೂರ ಎಂಬತ್ತು ಹೋಳಿಗೆ, ಕೊನೆಗೆ ನೂರ ಎಂಬತ್ತು ಜನ. ನಾನು ಕೈ ಹಾಕದೇ ಇದ್ದಿದ್ರೆ ನಿನಗೂ ಒಂದು ಬರ್ತಿತ್ತು."

"ನೀವು ಕೈ ಹಾಕದೇ ಇದ್ದಿದ್ರೆ ಅರವತ್ತೇ ಜನ, ತಲೆಗೆ ಮೂರು," ಅಂದೆ. "ಬಸ್ಸಿನವರಿಗೂ ಇಲ್ಲ, ಲೋಕಪ್ಪೋರಿಗೂ ಇಲ್ಲ. ನಾನು ಮನೇಲಿ ಮೊಸರನ್ನ ಉಣ್ತಿದ್ದೆ."

ಮೇಷ್ಟ್ರು ಶಲ್ಯ ಸರಿಮಾಡಿಕೊಂಡರು. "ಆದರೂ ತಪ್ಪು ತಪ್ಪೇ," ಎಂದು ಹೋಳಿಗೆಯನ್ನು ನನ್ನ ಕೈಯಲ್ಲಿಟ್ಟು ಹೋದರು. ದಾರ ಬಿಡಿಸಿ ತಿಂದೆ. ಬೋರಲಿಂಗಯ್ಯ ತುಪ್ಪಕ್ಕೆ ಕೈ ಹಿಡಿಯುವವನಲ್ಲ. ತಿಂದು ತಿರುಗಿದರೆ ಹಿತ್ತಲ ಬಾಗಿಲಲ್ಲಿ ಮಂದಾಕಿನಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯದು. ಒಂದು ಚೊಂಬು ನೀರು ತಂದುಕೊಟ್ಟಳು.

ಒಂದೂವರೆ ತಿಂಗಳಾದ ಮೇಲೆ ಮದುವೆ. ಭರ್ತಿಗೆ ಬನ್ನಿ ಎಂದು ಯಾರೂ ಹೇಳಿಕಳಿಸಲಿಲ್ಲ. ಮಂದಾಕಿನಿಯೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಮ್ಮ ಮನೆಗೆ ಬಂದು, ನೆಂಟರನ್ನು ಕರೆಯುವ ಹಾಗೆ ಕರೆದು ಹೋದಳು. ನಾನು ಹಳೆಯ ಅಭ್ಯಾಸದಂತೆ ಹೊರಡುವ ಮೊದಲು ಒಂದಿಷ್ಟು ಮೊಸರನ್ನ ತಿಂದೆ. ಕೂರುವುದು ಕೆಲಸ, ಉಣ್ಣುವುದಲ್ಲ. ಹಸಿದು ಹೋದರೆ ಎಣಿಕೆ ತಪ್ಪುತ್ತದೆ.

ಚಪ್ಪರದಲ್ಲಿ ಪಂಕ್ತಿಯ ನಡುವೆ, ಮದುಮಗಳ ಎದುರಿಗೆ ನನಗೆ ಎಲೆ ಹಾಕಿದ್ದರು. ಕೂತೆ. ಕೂತ ಕೂಡಲೇ ಕಣ್ಣು ತಾನಾಗಿ ಎಣಿಸಿತು. ಅರವತ್ತೊಂದು.  ಅರವತ್ತೊಂದು ಸಲಗ. ಬೋರಲಿಂಗಯ್ಯನದು ಯಾವಾಗಲೂ ನೂರ ಎಂಬತ್ತರ ಬುಟ್ಟಿ. ಅರವತ್ತೊಂದರಿಂದ ಭಾಗಿಸಿದರೆ ಎರಡು ಬಂದು ಐವತ್ತೆಂಟು ಶೇಷ. ಪ್ರೀತಿಯಿಂದ ಕರೆದವರಿಗೆ ಲೆಕ್ಕ ಮರೆತಿತ್ತು. ಬೀಗರು ಮತ್ತೆ ಕಣ್ಣು ಕೆಂಪಗೆ ಮಾಡುವ ಮೊದಲು, ನಾನು ಎಲೆಯ ತುದಿ ಮಡಿಸಿ, ಮಂಡಿಯ ಮೇಲೆ ಕೈಯೂರಿ ಏಳಲು ಹೊರಟೆ.

ಬೋರಲಿಂಗಯ್ಯ ಬುಟ್ಟಿ ತಂದು ಪಂಕ್ತಿಯ ತಲೆಯಲ್ಲಿಟ್ಟು ನನ್ನ ಕಡೆ ನೋಡಿದ.

"ಎಲ್ಲಿಗಮ್ಮ? ಕೂತ್ಕೋ. ನೂರ ಎಂಬತ್ಮೂರು ತಟ್ಟಿದೀನಿ."

"ಯಾಕೆ?"

"ನನ್ನ ಕೇಳಿದ್ರೆ? ಮದುಮಗಳು ಹೇಳಿದ್ದು."

ಒಂದು, ಎಂಟು, ಮೂರು. ಹನ್ನೆರಡು. ಮೂರಕ್ಕೆ ಹೋಗುತ್ತದೆ. ಮೂರು ಅರವತ್ತೊಂದಲ ನೂರ ಎಂಬತ್ತಮೂರು. ಎದುರಿನ ಎಲೆಯಲ್ಲಿ ಮಂದಾಕಿನಿ ಬಾಸಿಂಗ ಸರಿಮಾಡಿಕೊಳ್ಳುತ್ತಾ ಗಂಡನಿಗೆ ಏನೋ ಹೇಳುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಬುಟ್ಟಿ ಎದ್ದಿತು. ನನ್ನ ಎಲೆಗೆ ಮೂರು ಹೋಳಿಗೆ ಬಿದ್ದವು, ಮೇಲೆ ತುಪ್ಪ.

ಮೊದಲನೆಯದು ಸುಲಭವಾಗಿ ಹೋಯಿತು. ಎರಡನೆಯದು ನಿಧಾನವಾಗಿ ಹೋಯಿತು. ಮೂರನೆಯದರ ಹೊತ್ತಿಗೆ ಮನೆಯಲ್ಲಿ ತಿಂದ ಮೊಸರನ್ನ ಗಂಟಲಿಗೆ ಬಂದಿತ್ತು. ಪಂಕ್ತಿ ಎದ್ದು ಕೈ ತೊಳೆಯಲು ಹೋಯಿತು. ಎಲೆ ಎತ್ತುವವರು ಒಂದು ಕಡೆಯಿಂದ ಬರುತ್ತಾ, ನನ್ನ ಎಲೆಯನ್ನು ಬಿಟ್ಟು ಮುಂದಿನದಕ್ಕೆ ಹೋದರು. ಮದುಮಗಳು ಇನ್ನೂ ಎದ್ದಿರಲಿಲ್ಲ. ಖಾಲಿ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದಳು.

"ನೀನು ಏಳಮ್ಮ," ಅಂದೆ, ಬಾಯಿ ತುಂಬಿಕೊಂಡೇ. "ಗಂಡನ ಮನೆಯೋರು ಕಾಯ್ತಿದಾರೆ."

"ಕಾಯ್ಲಿ ಬಿಡಿ ಸಾವಂತ್ರಕ್ಕ," ಅಂದಳು. "ನಿಧಾನಕ್ಕೆ ತಿನ್ನಿ."